ಎಣ್ಣೆ ತಾಳೆ: ದರ ಯಾರ ಕೈಯಲ್ಲಿ?
(ಹೊನ್ನಾವರದ ರೈತರ ಸಭೆಯಲ್ಲಿ ಆಡಿದ ಮಾತು)



ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ನಾವು ಅಡಿಕೆ ದರ ಬಿದ್ದರೆ ಚಾಲಿಯನ್ನು ಅಟ್ಟದ ಮೇಲಿಟ್ಟು ಕಾಯುತ್ತೇವೆ. ಎಣ್ಣೆ ತಾಳೆಯನ್ನು ಹಾಗೆ ಇಡಲಿಕ್ಕಾಗುವುದಿಲ್ಲ. ಕೊಯ್ದ ಗೊನೆ 24 ಗಂಟೆಯೊಳಗೆ ಗಿರಣಿ ಸೇರಬೇಕು; ತಡವಾದರೆ ಎಣ್ಣೆ ಕೆಡುತ್ತದೆ. ಅವರು ಹೇಳಿದ್ದೇ ದರ!

ಗಿಡ ಫಸಲಿಗೆ ಬರಲು ಮೂರು-ನಾಲ್ಕು ವರ್ಷ. ಸಾಲದ ಬಡ್ಡಿ ಮಾತ್ರ ನೆಟ್ಟ ದಿನದಿಂದಲೇ ಬೆಳೆಯುತ್ತದೆ.

2021ರಲ್ಲಿ ಕೇಂದ್ರ ಸರಕಾರ ತಾಳೆ ಬೆಳೆಗೆ 11,040 ಕೋಟಿ ರೂಪಾಯಿಯ ಯೋಜನೆ ಸಾರಿತು. 2025ರ ಮೇ ತಿಂಗಳಲ್ಲಿ ಅದೇ ಸರಕಾರ ಕಚ್ಚಾ ತಾಳೆ ಎಣ್ಣೆಯ ಮೂಲ ಆಮದು ಸುಂಕವನ್ನು ಶೇಕಡಾ 20ರಿಂದ 10ಕ್ಕೆ ಇಳಿಸಿತು. ಹೊರಗಿನ ಎಣ್ಣೆ ಅಗ್ಗವಾದರೆ ನಮ್ಮ ಗೊನೆಗೆ ದರ ಎಲ್ಲಿಂದ ಬಂತು?

ಯೋಜನೆಯಲ್ಲಿ ದರದ ಭರವಸೆಯಿದೆ, ಸರಿ. ಗಿರಣಿ ಎಲ್ಲಿ, ದರ ಎಷ್ಟು, ಹಣ ಯಾವಾಗ? ಈ ಮೂರನ್ನೂ ಬರೆಸಿಕೊಂಡ ಮೇಲೆಯೇ ಗುಂಡಿ ತೋಡಿ.