ಚೀನೀಯರ ಮಾತಾಪಿತೃಭಕ್ತಿ



ಚೀನೀಯರು ‘ಷಿಯಾವ್’ ಎಂದು ಕರೆಯುವ ಸದ್ಗುಣವೊಂದುಂಟು. ಅದನ್ನು ಮಾತಾಪಿತೃಭಕ್ತಿಯೆಂದು ನಾವು ಕನ್ನಡಿಸಬಹುದು. ಕ್ರಿ.ಪೂ. 551ರಲ್ಲಿ ಲೂ ರಾಜ್ಯದಲ್ಲಿ ಜನಿಸಿದನೆನ್ನಲಾದ ಕನ್‌ಫ್ಯೂಷಿಯಸನು ಅದಕ್ಕೆ ಆಳವಾದ ಅರ್ಥವನ್ನಿತ್ತನು. ಹೆತ್ತವರಿಗೆ ಅನ್ನವಿಕ್ಕಿದ ಮಾತ್ರಕ್ಕೆ ಕರ್ತವ್ಯ ಮುಗಿಯದು; ಸಾಕಿದ ಪ್ರಾಣಿಗಳೂ ನಮ್ಮಿಂದ ಆಹಾರ ಪಡೆಯುತ್ತವೆ; ಆದರವೇ ಇವೆರಡರ ಭೇದವೆಂಬುದು ಅವನ ಅಭಿಪ್ರಾಯ.

ಅವನ ಪರಂಪರೆಯ ‘ಷಿಯಾವ್ ಜಿಂಗ್’ ಎಂಬ ಗ್ರಂಥವು ಇನ್ನೂ ಮುಂದೆ ಹೋಗುತ್ತದೆ. ತಂದೆಯು ಅಧರ್ಮಕ್ಕೆ ಅಡಿಯಿಡುವಾಗ ಮಗನು ತಡೆದು ಹೇಳಬೇಕು. ಬರಿಯ ವಿಧೇಯತೆ ಭಕ್ತಿಯೆನಿಸದೆಂದು ಅದರ ಬೋಧೆ.

ಹಾನ್ ಅರಸರ ಕಾಲದಲ್ಲಿ ಈ ನೀತಿಗೆ ರಾಜಾಶ್ರಯ ದೊರೆಯಿತು. ಆದರೆ ಶತಮಾನಗಳು ಕಳೆದಂತೆ ವಿಧೇಯತೆಗೇ ಪ್ರಾಧಾನ್ಯ ಬಂದು, ತಡೆದು ಹೇಳುವ ಧರ್ಮವು ಮಸುಕಾಯಿತು. ಮಕ್ಕಳ ವಿವಾಹದಲ್ಲಿಯೂ ಹಿರಿಯರ ಮಾತೇ ಕೊನೆಯದಾಗಿತ್ತು. 1919ರ ಸುಮಾರಿಗೆ ಬೀಜಿಂಗಿನ ವಿದ್ಯಾವಂತ ತರುಣರು ಹಳೆಯ ಕುಟುಂಬನೀತಿಯನ್ನೇ ಪ್ರತಿಭಟಿಸಿದರು. 1950ರ ವಿವಾಹ ಕಾಯಿದೆಯು ವಧೂವರರ ಸಮ್ಮತಿಯನ್ನು ಕಡ್ಡಾಯಗೊಳಿಸಿತು.

ಮುಂದೆ ಲಕ್ಷಾಂತರ ಯುವಕರು ದುಡಿಮೆಗಾಗಿ ನಗರಗಳನ್ನು ಸೇರಿದರು. ಹಳ್ಳಿಗಳಲ್ಲಿ ವೃದ್ಧರು ಒಂಟಿಯಾದರು. ದೂರವಿರುವವರು ತಮ್ಮ ಮನೆಯ ವೃದ್ಧರನ್ನು ಆಗಾಗ ಕಂಡು ವಿಚಾರಿಸಬೇಕೆಂಬ ಕಾಯಿದೆಯು 2013ರ ಜುಲೈಯಲ್ಲಿ ಜಾರಿಗೆ ಬಂದಿತು. ಕಾಯಿದೆಯು ಮಗನನ್ನು ಬಾಗಿಲವರೆಗೆ ಕರೆತಂದೀತು; ಕನ್‌ಫ್ಯೂಷಿಯಸನು ಬಯಸಿದ ಆದರವನ್ನು ತರಲು ಅದಕ್ಕೆ ಸಾಧ್ಯವೇ?

ಮಕ್ಕಳೇ, ಹಿರಿಯರಿಗೆ ಸತ್ಯವನ್ನು ಹೇಳುವಾಗ ವಿನಯವನ್ನು ಬಿಡದಿರಿ. ಪಾಲಕರೇ, ವಿನಯದಿಂದ ನುಡಿದ ಸತ್ಯವನ್ನು ಅವಿಧೇಯತೆಯೆಂದು ಎಣಿಸದಿರಿ. ಈ ಎರಡೂ ಕೂಡಿದ ಮನೆಯಲ್ಲಿ ಭಕ್ತಿಯು ತಾನಾಗಿ ಬೆಳೆಯುವುದು.