ಸೌರ ಪಂಪ್‌ಸೆಟ್ಟು ಮತ್ತು ಬಾವಿಯ ನೀರು



ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಬಸವಸಾಗರದ ಕಾಲುವೆ ಮುಟ್ಟದ ಹೊಲಗಳ ನೀರಾವರಿಗೆ ಬಾವಿ, ಬೋರುಗಳೇ ಆಧಾರ. 10 ಅಶ್ವಶಕ್ತಿಯವರೆಗಿನ ಪಂಪಿಗೆ ವಿದ್ಯುತ್ತು ಉಚಿತವಿದ್ದರೂ ಅದು ಪಾಳಿಯಲ್ಲಿ ಬರುತ್ತದೆ. ರಾತ್ರಿ ಪಾಳಿಯೆಂದರೆ ಹಾವು, ಚೇಳಿನ ಭಯ. ಡೀಸೆಲ್ ಎಂಜಿನ್ನು ನಡೆಸಿದರೆ ಲಾಭದ ದೊಡ್ಡ ಪಾಲು ಎಣ್ಣೆಗೇ ಹೋಗುತ್ತದೆ. ರೈತರನ್ನು ಸೌರ ಪಂಪಿನತ್ತ ತಿರುಗಿಸುತ್ತಿರುವುದು ಈ ಎರಡು ಕಷ್ಟಗಳು. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಸಹಾಯಧನವೂ ಇದಕ್ಕೆ ಇಂಬು ಕೊಟ್ಟಿದೆ.

5 ಅಶ್ವಶಕ್ತಿಯ ಪಂಪಿಗೆ ಸುಮಾರು 5 ಕಿಲೋವ್ಯಾಟ್ ಫಲಕಗಳು ಬೇಕು. ಅವು ದಕ್ಷಿಣಕ್ಕೆ ಮುಖ ಮಾಡಿರಲಿ, ನೆರಳು ಬೀಳದಿರಲಿ. ಧೂಳನ್ನು ಆಗಾಗ ಒರೆಸಿರಿ.

ಬಿಸಿಲಿಗೆ ಬಿಲ್ಲಿಲ್ಲವೆಂದು ದಿನವಿಡೀ ನೀರೆತ್ತಿದರೆ ಮಾತ್ರ ಬೋರು ಬತ್ತೀತು. ಆದ್ದರಿಂದ ಸೌರ ಪಂಪಿನೊಡನೆ ಹನಿ ನೀರಾವರಿಯನ್ನೂ ಅಳವಡಿಸಿರಿ. ಬೆಳೆಗೆ ಬೇಕಾದಷ್ಟೇ ನೀರೆತ್ತಿರಿ.