ಪ್ಲಾಂಕ್! ನಿಮ್ಮ ಫೀಡ್‌ಗೆ ಅಂಕ ಹಾಕೋರು ಯಾರು?

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ.

ಇವತ್ತು ಒಂದು ಶಬ್ದದಿಂದ ಶುರು ಮಾಡ್ತೀನಿ. ಪ್ಲಾಂಕ್! ಬಾವಿ ತಳಕ್ಕೆ ಕಲ್ಲು ಬಿದ್ದಂಗೆ ಕೇಳುತ್ತೆ ಅಲ್ವಾ? ಯೂಸ್‌ನೆಟ್ ಅನ್ನೋ ಹಳೇ ಚರ್ಚಾಜಾಲದಲ್ಲಿ ಯಾರದ್ದಾದ್ರೂ ಕಾಟ ಮಿತಿ ಮೀರಿದಾಗ, ಜನ ಅವರಿಗೆ ಉತ್ತರವಾಗಿ ಈ ಒಂದೇ ಪದ ಬರೀತಿದ್ರು. ನಿನ್ನ ಹೆಸರು ನನ್ನ ಕಿಲ್ ಫೈಲ್‌ನ ತಳಕ್ಕೆ ಬಿತ್ತು, ಇನ್ಮೇಲೆ ನೀನು ಏನೇ ಬರೆದ್ರೂ ನನಗೆ ಕಾಣಲ್ಲ ಅಂತ ಅರ್ಥ.

ಯೂಸ್‌ನೆಟ್ ಅಂದ್ರೇನು ಅಂತ ಚಿಕ್ಕದಾಗಿ ಹೇಳಿಬಿಡ್ತೀನಿ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್‌ಗೆ ಹೊಳೆದ ಐಡಿಯಾ ಅದು. 1980ರಲ್ಲಿ ಚಾಲೂ ಆಯ್ತು. ಒಂದೊಂದು ವಿಷಯಕ್ಕೆ ಒಂದೊಂದು ನ್ಯೂಸ್‌ಗ್ರೂಪ್. ಮೆಸೇಜುಗಳು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹರಿದು ಹೋಗ್ತವೆ, ಇಡೀ ಜಾಲಕ್ಕೆ ಒಬ್ಬ ಯಜಮಾನ ಅಂತ ಇಲ್ಲ. ನಮ್ಮ ಕರ್ನಾಟಕದ ಹೆಸರಲ್ಲೂ ಒಂದು ಗುಂಪಿತ್ತು, ಸೋಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ.

ಯಜಮಾನ ಇಲ್ಲ ಅಂದ್ರೆ ಕಾವಲುಗಾರನೂ ಇಲ್ಲ. ಹೆಚ್ಚಿನ ಗುಂಪುಗಳಲ್ಲಿ ಅಡ್ಮಿನ್ ಇಲ್ಲ, ಯಾರನ್ನೂ ಹೊರಗೆ ಹಾಕೋ ಹಾಗಿಲ್ಲ. ಹಾಗಾಗಿ ಜರಡಿ ಹಿಡಿಯೋ ಕೆಲಸ ಓದುಗನ ಕೈಗೇ ಬಂತು. 1984ರಲ್ಲಿ ಲ್ಯಾರಿ ವಾಲ್ ಅನ್ನೋರು ಆರ್‌ಎನ್ ಅಂತ ಒಂದು ನ್ಯೂಸ್‌ರೀಡರ್ ಬರೆದ್ರು. ಮುಂದೆ ಪರ್ಲ್ ಭಾಷೆ ಮಾಡಿದ್ದು ಇವರೇ. ಅದರಲ್ಲಿ ಕಿಲ್ ಅನ್ನೋ ಹೆಸರಿನ ಒಂದು ಫೈಲ್. ಬೇಡದ ಹೆಸರು, ಬೇಡದ ವಿಷಯ ಅದರಲ್ಲಿ ಬರೆದಿಟ್ರೆ ಅಂಥ ಮೆಸೇಜು ಕಣ್ಣಿಗೇ ಬೀಳಲ್ಲ.

ಆದ್ರೆ ಕಿಲ್ ಫೈಲ್‌ಗೆ ಗೊತ್ತಿರೋದು ಎರಡೇ ಉತ್ತರ, ಇರಲಿ ಅಥವಾ ಬೇಡ. ಮನುಷ್ಯರು ಹಾಗಿರಲ್ಲ. ಒಬ್ಬ ಮಾವ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು ಕಳಿಸ್ತಾರೆ, ವರ್ಷಕ್ಕೊಂದು ಸಲ ಯಾರಿಗೂ ಗೊತ್ತಿರದ ಒಳ್ಳೇ ಡಾಕ್ಟರ್ ಹೆಸರು ಹೇಳ್ತಾರೆ. ಅವರನ್ನ ಮ್ಯೂಟ್ ಮಾಡ್ತೀರಾ, ಬಿಡ್ತೀರಾ? ಈ ಇಕ್ಕಟ್ಟಿಗೆ ನ್ಯೂಸ್‌ರೀಡರ್‌ಗಳು ಕಂಡುಕೊಂಡ ದಾರಿಯೇ ಸ್ಕೋರಿಂಗ್, ಅಂದ್ರೆ ಅಂಕ ಹಾಕೋದು.

ನಾನು ಬಿಕಾಂ ಓದಿದೋನು, ನನಗೆ ಇದು ಲೆಡ್ಜರ್ ಥರ ಕಾಣುತ್ತೆ. ಪ್ರತಿ ಮೆಸೇಜೂ ಸೊನ್ನೆ ಬ್ಯಾಲೆನ್ಸ್‌ನಿಂದ ಶುರು. ನೀವು ಬರೆದಿಟ್ಟ ಒಂದೊಂದು ನಿಯಮವೂ ಅದಕ್ಕೆ ಜಮಾ ಮಾಡುತ್ತೆ ಇಲ್ಲಾ ಖರ್ಚು ಹಾಕುತ್ತೆ. ಕೊನೆಗೆ ಒಟ್ಟು ಮೊತ್ತ. ಮೊತ್ತ ಜಾಸ್ತಿ ಇದ್ದದ್ದು ಮೇಲೆ, ಕಮ್ಮಿ ಇದ್ದದ್ದು ಕೆಳಗೆ, ತೀರಾ ಪಾತಾಳಕ್ಕೆ ಇಳಿದದ್ದು ಮಾಯ. ಪ್ಯಾನ್ ಅನ್ನೋ ನ್ಯೂಸ್‌ರೀಡರ್‌ನಲ್ಲಿ 9999 ಅಂದ್ರೆ ಕಣ್ಣಿಟ್ಟು ನೋಡಬೇಕಾದದ್ದು, ಮೈನಸ್ 9999 ಅಂದ್ರೆ ಪ್ಲಾಂಕ್. ಮಧ್ಯದ ಜಾಗವೆಲ್ಲಾ ನಿಮ್ಮ ವಿವೇಚನೆಗೆ ಬಿಟ್ಟದ್ದು.

ಈ ಸಂಚಿಕೆಗೋಸ್ಕರ ನಾನೇ ಪ್ಯಾನ್ ಹಾಕ್ಕೊಂಡೆ. ಎಟರ್ನಲ್ ಸೆಪ್ಟೆಂಬರ್ ಅನ್ನೋ ಉಚಿತ ಸರ್ವರ್‌ನಲ್ಲಿ ಖಾತೆ ತೆಗೆದು, ಸೈನ್ಸ್ ಫಿಕ್ಷನ್ ಪುಸ್ತಕಗಳ ಬಗ್ಗೆ ಮಾತಾಡೋ ಒಂದು ಗುಂಪಿಗೆ ಸೇರ್ಕೊಂಡೆ. ಮೂರು ವಾರ ನಿಯಮ ಬರೆದು, ತಿದ್ದಿ, ಮತ್ತೆ ಬರೆದೆ. ಏನೇನು ಕಲಿತೆ ಅಂತ ಹೇಳ್ತೀನಿ.

ಮೊದಲನೇದು, ವ್ಯಕ್ತಿಗಿಂತ ಲಕ್ಷಣಕ್ಕೆ ಅಂಕ ಹಾಕೋದು ಲೇಸು. ಜಗಳಗಂಟರಿಗೆ ಒಂದು ಅಭ್ಯಾಸ ಇದೆ. ಒಂದೇ ಮೆಸೇಜನ್ನ ನಾಲ್ಕೈದು ಗುಂಪುಗಳಿಗೆ ಒಟ್ಟಿಗೇ ಎಸೀತಾರೆ. ಎಕ್ಸ್‌ರೆಫ್ ಅನ್ನೋ ಹೆಡರ್ ನೋಡಿದ್ರೆ ಅದು ಗೊತ್ತಾಗುತ್ತೆ. ಮೂರಕ್ಕಿಂತ ಜಾಸ್ತಿ ಗುಂಪು ಇದ್ರೆ ಸಾವಿರ ಕಳಿ ಅಂತ ಒಂದು ನಿಯಮ ಬರೆದೆ. ಒಬ್ಬರ ಹೆಸರನ್ನೂ ಬರೀದೇ ಗಲಾಟೆ ಬಹಳ ಮಟ್ಟಿಗೆ ಇಳೀತು.

ಎರಡನೇದು, ಪದ ಹಿಡಿಯೋವಾಗ ಹುಷಾರು. ನ್ಯೂಸ್‌ರೀಡರ್‌ಗೆ ಅರ್ಥ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಕಾರು ಅನ್ನೋ ಪದ ಬೇಡ ಅಂದ್ರೆ ಕಾರುಬಾರೂ ಹೋಗುತ್ತೆ, ಕಾರುಣ್ಯವೂ ಹೋಗುತ್ತೆ. ಪದದ ಶುರು ಎಲ್ಲಿ, ಕೊನೆ ಎಲ್ಲಿ ಅಂತ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಗೆರೆ ಎಳೀಬೇಕು.

ಮೂರನೇದು ನನಗೆ ತುಂಬಾ ಇಷ್ಟವಾದದ್ದು. ನಿಯಮಕ್ಕೂ ಎಕ್ಸ್‌ಪೈರಿ ಇರುತ್ತೆ! ಚುನಾವಣೆ ಜಗಳ ಒಂದು ತಿಂಗಳು ಬೇಡ ಅಂತ ಬರೆದ್ರೆ, ತಿಂಗಳಾದ ಮೇಲೆ ಆ ಸಾಲು ತಾನೇ ನಿಂತುಹೋಗುತ್ತೆ. ಗ್ನೂಸ್ ಅನ್ನೋ ಇನ್ನೊಂದು ನ್ಯೂಸ್‌ರೀಡರ್‌ನಲ್ಲಿ ತಾತ್ಕಾಲಿಕ ನಿಯಮಗಳು 7 ದಿನ ಕೆಲಸಕ್ಕೆ ಬರದೇ ಇದ್ರೆ ತಾವಾಗೇ ಅಳಿಸಿ ಹೋಗ್ತವೆ. ಯಾರ ಮೇಲಾದ್ರೂ ಕೋಪ ಬಂದಾಗ ಮೈನಸ್ 9999 ಹಾಕೋ ಬದಲು ಮೈನಸ್ 1000 ಹಾಕಿ, ಹದಿನೈದು ದಿನದ ಗಡುವು ಇಡಿ. ಕೋಪ ಇಳಿಯೋದಕ್ಕೆ ಅಷ್ಟು ಸಾಕು. ನಾವು ಮಾಡಿದ ಬ್ಲಾಕ್‌ಗಳು ಮಾತ್ರ ನಾವು ಮರೆತ ಮೇಲೂ ವರ್ಷಗಟ್ಟಲೆ ಹಾಗೇ ಕೂತಿರ್ತವೆ.

ನಾಲ್ಕನೇದು, ಕಳೆಯೋದರ ಜೊತೆ ಕೂಡೋದನ್ನೂ ಮಾಡಬೇಕು. ಇದಕ್ಕೊಂದು ನಿಜವಾದ ಉದಾಹರಣೆ ಇದೆ. ಗೂಗಲ್ ಗ್ರೂಪ್ಸ್ ಮೂಲಕ ಯೂಸ್‌ನೆಟ್‌ಗೆ ಸ್ಪ್ಯಾಮ್ ರಾಶಿ ರಾಶಿ ಬರ್ತಿತ್ತು. ಆ ದಾರಿಯಲ್ಲಿ ಬಂದ ಮೆಸೇಜ್ ಐಡಿ ಕೊನೆಯಲ್ಲಿ ಗೂಗಲ್‌ಗ್ರೂಪ್ಸ್ ಡಾಟ್ ಕಾಮ್ ಅಂತ ಇರ್ತಿತ್ತು. ಬಹಳ ಜನ ಅದನ್ನೇ ಹಿಡಿದು ಎಲ್ಲಾ ಕೊಂದು ಹಾಕಿದ್ರು. ಅದರ ಜೊತೆ, ಬೇರೆ ದಾರಿ ಗೊತ್ತಿಲ್ಲದೆ ಅಲ್ಲಿಂದಲೇ ಬರೀತಿದ್ದ ಸಾಚಾ ಮನುಷ್ಯರೂ ಮರೆಯಾದ್ರು. ಸ್ಕೋರ್ ಬಳಸಿದವರಿಗೆ ಆ ತೊಂದರೆ ಇರಲಿಲ್ಲ. ಗೂಗಲ್ ದಾರಿಗೆ ಸಾವಿರ ಕಳಿ, ಈ ನಾಲ್ಕು ಹೆಸರಿಗೆ ಎರಡು ಸಾವಿರ ಕೂಡು. ಅಷ್ಟೇ, ಆ ನಾಲ್ಕು ಜನ ಉಳ್ಕೊಂಡ್ರು. 2024ರ ಫೆಬ್ರವರಿ 22ಕ್ಕೆ ಗೂಗಲ್ ಗ್ರೂಪ್ಸ್ ಯೂಸ್‌ನೆಟ್ ಜೊತೆಗಿನ ಕೊಂಡಿ ಕಡಿದುಕೊಂಡಿತು, ಆ ನಿಯಮಕ್ಕೀಗ ಕೆಲಸ ಇಲ್ಲ.

ಸರಿ, ಮಾರಾಯಾ, ಇದೆಲ್ಲಾ ನಮಗ್ಯಾಕೆ ಅಂತೀರಾ? ಕಥೆಯ ತಿರುವು ಇಲ್ಲೇ ಇರೋದು.

ಗ್ನೂಸ್‌ನಲ್ಲಿ ಅಡಾಪ್ಟಿವ್ ಸ್ಕೋರಿಂಗ್ ಅಂತ ಒಂದಿದೆ. ನೀವು ಏನು ಓದ್ತೀರಿ, ಏನು ಓದದೇ ಬಿಸಾಕ್ತೀರಿ ಅಂತ ನೋಡಿ ಅದೇ ನಿಯಮ ಬರ್ಕೊಳ್ಳುತ್ತೆ. ಇನ್ನೊಂದು ಕಡೆ, 1994ರಲ್ಲಿ ಎಂಐಟಿ ಮತ್ತು ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಗ್ರೂಪ್‌ಲೆನ್ಸ್ ಅನ್ನೋ ವ್ಯವಸ್ಥೆ ತಂದ್ರು. ಓದುಗರು ಯೂಸ್‌ನೆಟ್ ಮೆಸೇಜಿಗೆ 1ರಿಂದ 5ರ ತನಕ ಅಂಕ ಕೊಡೋದು, ನಿಮ್ಮ ಥರದ ರುಚಿ ಇರೋರು ಕೊಟ್ಟ ಅಂಕ ನೋಡಿ ನಿಮಗೆ ಯಾವುದು ಹಿಡಿಸಬಹುದು ಅಂತ ಊಹಿಸೋದು. ಇವತ್ತು ನಿಮ್ಮ ಫೋನು ನಿಮಗೆ ರೀಲ್ಸ್ ತೋರಿಸುತ್ತಲ್ಲ, ಸಿನಿಮಾ ಸೂಚಿಸುತ್ತಲ್ಲ, ಅದರ ಹಿರಿಯಜ್ಜ ಇದೇ. ಅಂದ್ರೆ ನಿಮ್ಮ ಫೀಡ್‌ನಲ್ಲೂ ಸ್ಕೋರಿಂಗ್ ನಡೀತಾನೇ ಇದೆ. ಅಂಕ ಹಾಕೋರು ಮಾತ್ರ ಬದಲಾಗಿದ್ದಾರೆ.

ಗ್ನೂಸ್‌ನಲ್ಲಿ ಯಾವುದೇ ಮೆಸೇಜಿನ ಮೇಲೆ ನಿಂತು ವಿ, ಆಮೇಲೆ ಟಿ ಒತ್ತಿ. ಈ ಮೆಸೇಜಿಗೆ ಇಷ್ಟು ಅಂಕ ಯಾಕೆ ಬಂತು, ಯಾವ ಯಾವ ನಿಯಮ ತಗುಲಿತು ಅಂತ ಪಟ್ಟಿ ಬರುತ್ತೆ. ಒಂದೊಂದು ಸಾಲಿಗೂ ಲೆಕ್ಕ. ವೋಚರ್ ಇಲ್ಲದೆ ಎಂಟ್ರಿ ಇಲ್ಲ ಅಂತ ನಮ್ಮ ಅಕೌಂಟೆನ್ಸಿ ಮೇಷ್ಟ್ರು ಹೇಳ್ತಿದ್ರಲ್ಲ, ಹಂಗೆ.

ನನ್ನ ಮಟ್ಟಿಗೆ ಇದು ಬರೀ ತತ್ವದ ಮಾತಲ್ಲ, ಹೊಟ್ಟೆಪಾಡಿನ ಮಾತು. ಈ ಕಾರ್ಯಕ್ರಮ ಒಂದು ವಾರ ಸಾವಿರಾರು ಜನರ ಕಣ್ಣಿಗೆ ಬೀಳುತ್ತೆ, ಮುಂದಿನ ವಾರ ನಮ್ಮಮ್ಮನಿಗೂ ಲಿಂಕ್ ಕಳಿಸಿ ಹೇಳಬೇಕಾಗುತ್ತೆ. ಅದೇ ಧ್ವನಿ, ಅದೇ ಮೈಕು, ಅದೇ ಗುರುವಾರ. ಯಾವ ನಿಯಮ ತಗುಲಿತು? ಎಷ್ಟು ಕಳೀತು? ಒತ್ತಿ ಕೇಳೋಕೆ ಒಂದು ಬಟನ್ ಇಲ್ಲ. ನೀವು ಈ ಸಂಚಿಕೆ ಕೇಳ್ತಿದೀರಿ ಅಂದ್ರೆ ನನಗೆ ಈ ವಾರ ಪ್ಲಸ್ ಬಿದ್ದಿದೆ. ಯಾಕೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಹಳೇದೆಲ್ಲಾ ಬಂಗಾರ ಅಂತ ನಾನು ಹೇಳ್ತಿಲ್ಲ. ಕಿಲ್ ಫೈಲ್ ನಿಮ್ಮ ಕಣ್ಣಿಗೆ ಮಾತ್ರ ಪರದೆ. ಆ ಕಡೆಯವನು ಬರೀತಾನೇ ಇರ್ತಾನೆ. ನಿಮ್ಮ ಬಗ್ಗೆ ಸುಳ್ಳು ಬರೆದ್ರೂ ನಿಮಗೆ ಗೊತ್ತಾಗಲ್ಲ. ಹಳಬರೆಲ್ಲಾ ಅವನನ್ನ ಪ್ಲಾಂಕ್ ಮಾಡಿ ನೆಮ್ಮದಿಯಾಗಿರ್ತಾರೆ, ಹೊಸದಾಗಿ ಬಂದ ಹುಡುಗಿಯ ಹತ್ರ ಒಂದು ನಿಯಮವೂ ಇರಲ್ಲ. ಅವಳಿಗೆ ಮೊದಲು ಸಿಗೋದು ಅವನೇ. ಎಲ್ಲರೂ ತಂತಮ್ಮ ಮನೆ ಬಾಗಿಲು ಹಾಕ್ಕೊಂಡ ಮಾತ್ರಕ್ಕೆ ಬೀದಿ ಕ್ಲೀನ್ ಆಗಲ್ಲ. ಅದಕ್ಕೆ ಜವಾಬ್ದಾರಿ ಇರೋ ಅಡ್ಮಿನ್ ಬೇಕು, ನಿಯಮ ಬೇಕು. ನಾನು ಕೇಳೋದು ಇಷ್ಟೇ. ಬೀದಿಗೆ ಅವರ ನಿಯಮ ಇರಲಿ, ಆದ್ರೆ ನನ್ನ ಕಿಟಕಿಯ ನಿಯಮ ನನ್ನ ಕೈಲಿರಲಿ. ಅವರ ನಿಯಮವನ್ನ ಓದೋ ಹಾಗಾದ್ರೂ ಇರಲಿ.

ಈ ವಾರಕ್ಕೊಂದು ಹೋಂವರ್ಕ್. ನ್ಯೂಸ್‌ರೀಡರ್ ಬೇಡ, ಒಂದು ಹಾಳೆ ಸಾಕು. ನಿಮ್ಮ ಫೋನಿಗೆ ನೀವೇ ಸ್ಕೋರ್ ಫೈಲ್ ಬರೆಯೋದಾದ್ರೆ ಮೊದಲ ಐದು ಸಾಲು ಏನಿರುತ್ತೆ? ಯಾರಿಗೆ ಎಷ್ಟು ಕೂಡ್ತೀರಿ, ಯಾವುದಕ್ಕೆ ಎಷ್ಟು ಕಳೀತೀರಿ, ಯಾವ ಸಾಲಿಗೆ ಎಷ್ಟು ದಿನದ ಗಡುವು? ಬರೆದಾದ ಮೇಲೆ ಇವತ್ತಿನ ಫೀಡ್ ತೆಗೆದು, ಮೊದಲ ಹತ್ತು ಪೋಸ್ಟ್‌ಗೆ ನಿಮ್ಮ ಅಂಕ ಹಾಕಿ ನೋಡಿ. ಎಷ್ಟು ಪ್ಲಸ್ ಬಂತು, ಎಷ್ಟು ಮೈನಸ್ ಬಂತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಗುರುವಾರ ಕೆಲವನ್ನ ಕೇಳಿಸ್ತೀನಿ. ಅಲ್ಲಿವರೆಗೂ ನಮಸ್ಕಾರ.